ಮಾಸ್ತಿಕಲ್ಲು

ಗಂಡನೊಡನೆ ಸಹಗಮನ ಮಾಡಿದವಳ ನೆನಪಿಗೆ ನಿಲ್ಲಿಸಿದ ಕಲ್ಲು. ಸಂಸ್ಕೃತದ ‘ಮಹಾಸತಿ’ ಜನರ ಬಾಯಲ್ಲಿ ಸವೆದು ‘ಮಾಸತಿ’, ‘ಮಾಸ್ತಿ’ ಆಯಿತು. ಅದಕ್ಕೆ ಅಚ್ಚಗನ್ನಡದ ‘ಕಲ್ಲು’ ಸೇರಿತು. ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಲ್ಲಿ ಕಾಣುವಂಥ ವೀರಗಲ್ಲು ಹೋರಾಡಿ ಮಡಿದವನದು, ಮಾಸ್ತಿಕಲ್ಲು ಹೆಂಡತಿಯದು. ಇಬ್ಬರನ್ನೂ ಒಂದೇ ಕಲ್ಲಿನಲ್ಲಿ ಕೆತ್ತಿದ್ದರೆ ‘ವೀರಮಾಸ್ತಿಕಲ್ಲು’.

ಮಾಸ್ತಿಕಲ್ಲಿನ ಮುಖ್ಯ ಗುರುತು ಒಡವೆ ತೊಟ್ಟ ಕೈ: ಕಲ್ಲಿನಲ್ಲಿ ಕೆತ್ತಿದ ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮೇಲಕ್ಕೆ ಮಡಿಚಿದ ತೋಳು, ಕೈತುಂಬ ಬಳೆ, ಬಿಚ್ಚಿದ ಅಂಗೈ, ಕೆಲವೆಡೆ ಹೆಬ್ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಗಂಡ ಸತ್ತಾಗ ಬಳೆ ಒಡೆಯುವುದು ರೂಢಿ. ಒಡೆಯದ ಈ ಬಳೆ, ಆಕೆ ಮುತ್ತೈದೆಯಾಗಿಯೇ ಹೋದಳೆಂದು ಸಾರುತ್ತದೆ. ಸಾವಿಗೂ ಒಡವೆಗೂ ನಂಟು ಬೇರೆಡೆಯೂ ಉಂಟು: 1861ರಲ್ಲಿ ಪತಿಯನ್ನು ಕಳೆದುಕೊಂಡ ಬ್ರಿಟನ್ನಿನ ವಿಕ್ಟೋರಿಯಾ ರಾಣಿ ಶೋಕಕ್ಕೆ ಕಪ್ಪು ಒಡವೆ ತೊಟ್ಟಳು. ಕನ್ನಡ ನಾಡಿನಲ್ಲಿ ಸಾವಿನ ಒಡವೆ ಕಲ್ಲಿನ ಕೈಯಲ್ಲಿ ಉಳಿಯಿತು. ಹಲವು ಊರುಗಳಲ್ಲಿ ಈ ಕಲ್ಲಿಗೆ ‘ಮಾಸ್ತಮ್ಮ’ನೆಂದು ಅರಿಸಿನ ಕುಂಕುಮ ಏರಿಸುತ್ತಾರೆ.