ಲಕೋಟೆಯಲ್ಲಿ ಬಂದ ಆಟ

೨೦೦೮ರಲ್ಲಿ ನಾನು ಕ್ಯಾಲಿಫೋರ್ನಿಯದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗ ದಿನವೂ ಅಂಚೆಯವನ ದಾರಿ ಕಾಯುತ್ತಿದ್ದ. ಒಂದು ಮಧ್ಯಾಹ್ನ ತೆಳ್ಳನೆಯ ಲಕೋಟೆಯೊಂದು ಬಂದಿತು. ಹುಡುಗ ಅದನ್ನು ಹರಿದು, ಒಳಗಿದ್ದ ಡಿಸ್ಕನ್ನು ಟೆಲಿವಿಷನ್ನಿನ ಪಕ್ಕದ ವಿಡಿಯೋ ಗೇಮಿನ ಪೆಟ್ಟಿಗೆಗೆ ತುರುಕಿದ.

"ಕೊಂಡೆಯೇನೋ?" ಎಂದೆ.

"ಇಲ್ಲ ಮಾಮ, ಬಾಡಿಗೆ" ಎಂದ.

ಬಾಡಿಗೆ ಎಂದರೆ ಮನೆ, ಸೈಕಲ್ಲು, ಮದುವೆಯ ಪಾತ್ರೆಪಡಗ ಎಂದಷ್ಟೇ ತಿಳಿದಿದ್ದ ನನಗೆ ಸೋಜಿಗವಾಯಿತು.

ಏರ್ಪಾಡೇನೋ ಸರಳವಾದುದೇ. ೨೦೦೨ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಗೇಮ್‌ಫ್ಲೈ ಎಂಬ ಸಂಸ್ಥೆಗೆ ತಿಂಗಳ ಚಂದಾ ಕಟ್ಟಬೇಕು. ಬೇಕಾದ ಆಟಗಳ ಪಟ್ಟಿಯನ್ನು ಇಂಟರ್‌ನೆಟ್ಟಿನಲ್ಲಿ ಬರೆದಿಟ್ಟರೆ, ದಾಸ್ತಾನಿನಲ್ಲಿ ಇದ್ದುದನ್ನು ಅವರು ಅಂಚೆಯಲ್ಲಿ ಕಳಿಸುವರು. ಎಷ್ಟು ದಿನ ಇಟ್ಟುಕೊಂಡರೂ ದಂಡವಿಲ್ಲ. ಹಿಂತಿರುಗಿಸುವವರೆಗೆ ಮುಂದಿನದು ಬರುವುದೂ ಇಲ್ಲ. ಹಿಡಿಸಿದರೆ ರಿಯಾಯಿತಿ ಬೆಲೆ ಕೊಟ್ಟು ಉಳಿಸಿಕೊಳ್ಳಬಹುದು. ಚುರುಕಾಗಿ ಆಡಿ ಹಿಂತಿರುಗಿಸುವವನಿಗಿಂತ, ಡಿಸ್ಕನ್ನು ತಿಂಗಳುಗಟ್ಟಲೆ ಮೇಜಿನ ಮೇಲೆ ಮರೆತುಬಿಡುವ ಚಂದಾದಾರನಿಂದಲೇ ಇಂಥ ಸಂಸ್ಥೆಗಳಿಗೆ ಲಾಭ. ನಮ್ಮ ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಗೆ ನಾನು ಬಹುಕಾಲ ಅಂಥ ಗಿರಾಕಿಯಾಗಿದ್ದೆ.

ಆಟ ತಯಾರಿಸಿದವರು ಇದಕ್ಕೆ ಹೇಗೆ ಒಪ್ಪಿದರು? ಅವರ ಒಪ್ಪಿಗೆಯೇ ಬೇಕಿರಲಿಲ್ಲ. ಅದರ ಮೂಲ ಒಂದು ಕಾದಂಬರಿಯಲ್ಲಿದೆ. ಬಾಬ್ಸ್-ಮೆರಿಲ್ ಎಂಬ ಪ್ರಕಾಶಕರು ತಮ್ಮ ಕಾದಂಬರಿಯನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದೆಂದು ಪುಸ್ತಕದೊಳಗೇ ಅಚ್ಚು ಹಾಕಿಸಿದ್ದರು. ನ್ಯೂಯಾರ್ಕಿನ ಮೇಸೀಸ್ ಅಂಗಡಿಯವರು ಅದನ್ನು ೮೯ ಸೆಂಟಿಗೆ ಮಾರಿದರು. ಒಮ್ಮೆ ಮಾರಿದ ಪ್ರತಿಯ ಮೇಲೆ ಪ್ರಕಾಶಕನಿಗೆ ಅಂಥ ಹಿಡಿತವಿಲ್ಲವೆಂದು ೧೯೦೮ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮರುವರ್ಷ ಈ ತತ್ತ್ವ ಶಾಸನಕ್ಕೂ ಸೇರಿತು. ಕೊಂಡವನು ಮಾರಬಹುದು, ಎರವಲು ಕೊಡಬಹುದು, ಬಾಡಿಗೆಗೂ ಕೊಡಬಹುದು. ೧೯೯೦ರಲ್ಲಿ, ನಕಲಿನ ಭಯದಿಂದ, ಅಲ್ಲಿನ ಸಂಸತ್ತು ಕಂಪ್ಯೂಟರ್ ಸಾಫ್ಟ್‌ವೇರನ್ನು ಒಡೆಯನ ಒಪ್ಪಿಗೆಯಿಲ್ಲದೆ ಬಾಡಿಗೆಗೆ ಕೊಡುವುದನ್ನು ತಡೆಯಿತು. ಆಟದ ಪೆಟ್ಟಿಗೆಗಳಿಗೆಂದೇ ಮಾಡಿದ ವಿಡಿಯೋ ಗೇಮುಗಳನ್ನು ಮಾತ್ರ ಹೊರಗಿಟ್ಟಿತು. ನನ್ನ ಸೋದರಳಿಯನ ಲಕೋಟೆ ಬಂದದ್ದು ಆ ಸಣ್ಣ ಕಿಂಡಿಯಿಂದ. ಜಪಾನಿನಲ್ಲಿ ಒಡೆಯನ ಅನುಮತಿಯಿಲ್ಲದೆ ಇಂಥ ಬಾಡಿಗೆ ಸಲ್ಲದು. ನಮ್ಮ ಹಕ್ಕುಸ್ವಾಮ್ಯ ಕಾಯಿದೆಯೂ ಕಂಪ್ಯೂಟರ್ ಪ್ರೋಗ್ರಾಮಿನ ಬಾಡಿಗೆಯ ಹಕ್ಕನ್ನು ಒಡೆಯನಿಗೇ ಕೊಟ್ಟಿದೆ.

ಕಾನೂನು ಹೀಗೆ ದಾರಿ ಬಿಟ್ಟರೂ ಅಂಚೆಯ ಯಂತ್ರ ಬಿಡಲಿಲ್ಲ. ಪತ್ರ ವಿಂಗಡಿಸುವ ಯಂತ್ರಗಳಲ್ಲಿ ಸಿಕ್ಕಿ ಡಿಸ್ಕುಗಳು ಒಡೆಯುತ್ತಿದ್ದವು. ಸಿನಿಮಾ ಡಿಸ್ಕುಗಳನ್ನು ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್ ಅಂಚೆಗೆ ಬಲು ದೊಡ್ಡ ಗಿರಾಕಿ. ಅದರ ಹಿಂತಿರುಗುವ ಲಕೋಟೆಗಳಲ್ಲಿ ಬಹುಪಾಲನ್ನು ಹೆಚ್ಚಿನ ಹಣ ಕೇಳದೆ ಕೈಯಿಂದಲೇ ವಿಂಗಡಿಸುತ್ತಿದ್ದರು. ಗೇಮ್‌ಫ್ಲೈ ಅದೇ ಉಪಚಾರ ಬೇಡಿದಾಗ ಸಿಗಲಿಲ್ಲ. ಯಂತ್ರದಿಂದ ಪಾರಾಗಲು ಅದು ದೊಡ್ಡ ಲಕೋಟೆಯ ಹೆಚ್ಚಿನ ದರ ತೆರಬೇಕಾಯಿತು. ೨೦೦೯ರಲ್ಲಿ ಅಂಚೆ ನಿಯಂತ್ರಣ ಆಯೋಗಕ್ಕೆ ದೂರು ಹೋಯಿತು. ಪಕ್ಷಪಾತ ನಡೆದದ್ದು ನಿಜವೆಂದು ೨೦೧೧ರಲ್ಲಿ ಆಯೋಗ ಒಪ್ಪಿತು. ಪರಿಹಾರ ಮಾತ್ರ ಅರೆಬರೆ. ೨೦೧೩ರ ಜನವರಿಯಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಆ ಅರೆಪರಿಹಾರವನ್ನು ತಳ್ಳಿಹಾಕಿದ ಮೇಲೆ, ಅದೇ ವರ್ಷ ಇಬ್ಬರಿಗೂ ಸಮನಾದ ದರ ಗೊತ್ತಾಯಿತು. ಬಲ್ಲಿದನೊಡನೆ ವ್ಯಾಜ್ಯ ಹೂಡಿ ನಾಲ್ಕು ವರ್ಷ ಕಾದ ಸಂಸ್ಥೆಯ ಬಗೆಗೆ ನನಗೆ ಮೆಚ್ಚುಗೆಯಿದೆ.

ಆದರೆ ಗೆದ್ದುಕೊಂಡ ದಾರಿಯಲ್ಲಿ ನಡೆಯುವವರೇ ಕಡಿಮೆಯಾಗುತ್ತ ಬಂದರು. ೨೦೧೭ರಲ್ಲಿ ಮೈಕ್ರೋಸಾಫ್ಟಿನವರು ಎಕ್ಸ್‌ಬಾಕ್ಸ್ ಗೇಮ್ ಪಾಸ್ ತೆರೆದರು. ಚಂದಾ ಕಟ್ಟಿದವನ ಪೆಟ್ಟಿಗೆಗೆ ಆಟ ಇಂಟರ್‌ನೆಟ್ಟಿನ ಮೂಲಕವೇ ಇಳಿಯುತ್ತದೆ. ಒಡೆಯುವ ಭಯವಿಲ್ಲ, ಕಾಯುವ ಕಷ್ಟವಿಲ್ಲ. ಹಾಗೆಯೇ ಇಲ್ಲಿ ಮಾರಿದ ಪ್ರತಿ ಎಂಬುದೇ ಇಲ್ಲವಾದ್ದರಿಂದ ೧೯೦೮ರ ತೀರ್ಪಿಗೆ ಕಾಲೂರಲು ನೆಲವೂ ಇಲ್ಲ. ಯಾವ ಆಟ ಪಟ್ಟಿಯಲ್ಲಿರಬೇಕು, ಎಂದು ಹೋಗಬೇಕು ಎಂಬುದನ್ನು ತಯಾರಕರ ಮತ್ತು ಸಂಸ್ಥೆಯ ನಡುವಣ ಕರಾರು ನಿರ್ಧರಿಸುತ್ತದೆ. ಅರ್ಧ ಆಡಿದವನನ್ನು ಅದು ಕೇಳುವುದಿಲ್ಲ.

ಆ ಹುಡುಗ ಈಗ ನೌಕರಿಯಲ್ಲಿದ್ದಾನೆ; ಈ ಹೊಸ ಬಗೆಯ ಚಂದಾವನ್ನೂ ಕಟ್ಟುತ್ತಾನೆ. ಅಂದು ರಿಯಾಯಿತಿ ಬೆಲೆಗೆ ಉಳಿಸಿಕೊಂಡ ಮೂರು ಡಿಸ್ಕುಗಳು ಅವನ ಕಪಾಟಿನಲ್ಲಿದ್ದವು. ಒಂದನ್ನು ಪಕ್ಕದ ಮನೆಯ ಹುಡುಗನಿಗೆ ಎರವಲು ಕೊಟ್ಟಿದ್ದೇನೆಂದು ಮೊನ್ನೆ ಬರೆದಿದ್ದಾನೆ.