ಕೋಡಿ ತೂಬಾದ ಕಥೆ: ತೈಲಾಗಾರದ ಕೊಳೆನೀರು

ಆನವಟ್ಟಿ ಸುತ್ತಲಿನ ಕೆರೆಗಳಿಗೆ ಎರಡು ಬಾಗಿಲು. ಹೆಚ್ಚಾದ ನೀರು ಹೊರಗೆ ಹರಿದುಹೋಗಲು ಕೋಡಿ, ಬೇಕಾದಷ್ಟನ್ನು ಗದ್ದೆಗೆ ಬಿಡಲು ತೂಬು. ತೂಬು ಇರುವುದು ಕೆಳಮಟ್ಟದಲ್ಲಿ. ಹಾಗಾಗಿ ಮೇಲೆ ತೇಲುವ ಕಸಕಡ್ಡಿ ಕೆರೆಯಲ್ಲೇ ಉಳಿಯುತ್ತದೆ, ಹೂಳು ತಳದಲ್ಲಿ ಕೂರುತ್ತದೆ. ಸೊರಬ–ಶಿಕಾರಿಪುರದ ಹುಡುಗನೊಬ್ಬ ಡಿಪ್ಲೊಮಾ ಮುಗಿಸಿ, ಘಟ್ಟ ಇಳಿದು, ತೈಲಾಗಾರದ ಇಟಿಪಿಯಲ್ಲಿ, ಅಂದರೆ ಕೊಳೆನೀರು ಸಂಸ್ಕರಿಸುವ ಘಟಕದಲ್ಲಿ, ಟೆಕ್ನಿಷಿಯನ್ ಆದರೆ ಅಲ್ಲಿ ಮೊದಲು ಕಾಣುವುದೂ ಇದೇ ಉಪಾಯ.

ಕಚ್ಚಾತೈಲದಲ್ಲಿ ಉಪ್ಪಿರುತ್ತದೆ, ಅದನ್ನು ನೀರಿನಿಂದಲೇ ತೊಳೆಯಬೇಕು. ಗಂಧಕ, ಅಮೋನಿಯ ಹೊತ್ತ ನೀರು ಇನ್ನೊಂದು ಕಡೆಯಿಂದ ಬರುತ್ತದೆ. ಅಸ್ಸಾಮಿನ ದಿಗ್ಬೋಯಿಯಲ್ಲಿ 1901ರಲ್ಲಿ ದೇಶದ ಮೊದಲ ತೈಲಾಗಾರ ಶುರುವಾದ ಕಾಲಕ್ಕೆ ಇಂಥ ನೀರನ್ನು ಪರೀಕ್ಷಿಸುವ ಕೆಲಸವೇ ಒಂದು ಉದ್ಯೋಗವಾಗಿರಲಿಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಎಪಿಐ ಸಪರೇಟರ್ ಉದ್ದನೆಯ ತೊಟ್ಟಿ: ಎಣ್ಣೆ ತೇಲುತ್ತದೆ, ಕೆಸರು ಕೂರುತ್ತದೆ, ಅಡ್ಡಗೋಡೆಯ ಕೆಳಗಿನಿಂದ ನೀರು ನುಸುಳಿ ಮುಂದೆ ಹೋಗುತ್ತದೆ. ಪೋಲಾಗುವ ಎಣ್ಣೆ ಮರಳಿ ಸಿಗುವುದೂ ಅದರ ಒಂದು ಆಕರ್ಷಣೆಯಾಗಿತ್ತು.

ಸುಮಾರು 0.15 ಮಿ.ಮೀ.ಗಿಂತ ಸಣ್ಣ ಹನಿಗಳು ಈ ತೊಟ್ಟಿಗೆ ಸಿಗುವುದಿಲ್ಲ. ಎಣ್ಣೆ–ಸೀಗೆಕಾಯಿ ಸಂಬಂಧ ಎಂದು ಹಗೆತನಕ್ಕೆ ಹೇಳುತ್ತೇವೆ. ಇಲ್ಲಿ ನಿಜವಾದ ತೊಂದರೆ ಅವೆರಡೂ ರಾಜಿಯಾದಾಗ: ನೆಲ ತೊಳೆದ ಸೋಪು ಬೆರೆತರೆ ಎಣ್ಣೆ ಹಾಲಿನಂತೆ ನೀರಿನಲ್ಲಿ ಕದಡಿ, ತೇಲುವುದನ್ನೇ ಮರೆಯುತ್ತದೆ. ಅದಕ್ಕಾಗಿ ರಾಸಾಯನಿಕ ಹಾಕಿ, ಸಣ್ಣ ಗಾಳಿಗುಳ್ಳೆಗಳನ್ನು ಬಿಟ್ಟು ಹನಿಗಳನ್ನು ಮೇಲಕ್ಕೆತ್ತುವ ವಿಧಾನ ಬಂತು.

ಕರಗಿದ ಫಿನಾಲ್‌ನಂಥವನ್ನು ತಿಂದು ಮುಗಿಸುವವರು ಸೂಕ್ಷ್ಮಜೀವಿಗಳು. 1914ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಊರಿನ ಚರಂಡಿ ನೀರಿಗಾಗಿ ಕಂಡುಕೊಂಡ ಈ ದಾರಿಯನ್ನು ತೈಲಾಗಾರಗಳು ಆಮೇಲೆ ಹಿಡಿದವು. ಜೀವಿಗಳಿಗೆ ಸಾರಜನಕ, ರಂಜಕ ಕಡಿಮೆಯಾದರೆ ಟೆಕ್ನಿಷಿಯನ್ ಯೂರಿಯಾ, ಡಿಎಪಿ ಸುರಿಯುತ್ತಾನೆ. ಆನವಟ್ಟಿಯಲ್ಲಿ ಅಪ್ಪ ಮೆಕ್ಕೆಜೋಳಕ್ಕೆ ಹಾಕುವ ಅದೇ ಗೊಬ್ಬರ! ಶಿಫ್ಟಿನಲ್ಲಿ ಒಂದು ಲೀಟರ್ ಜಾಡಿಗೆ ಕೆಸರುನೀರು ತುಂಬಿ, 30 ನಿಮಿಷಕ್ಕೆ ಎಷ್ಟು ಕೂತಿತೆಂದು ನೋಡಿ ತೊಟ್ಟಿಯ ಆರೋಗ್ಯ ಅಳೆಯುತ್ತಾನೆ. ಮೂಗನ್ನು ಮಾತ್ರ ನಂಬುವಂತಿಲ್ಲ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಏರಿದರೆ ವಾಸನೆ ಹಿಡಿಯುವ ಶಕ್ತಿಯನ್ನೇ ಕೊಲ್ಲುತ್ತದೆ. ಎದೆಯ ಮೇಲಿನ ಪುಟ್ಟ ಮೀಟರೇ ಆಗ ಕಾವಲು.

ಈ ಕೆಲಸಕ್ಕೆ ಬೆನ್ನೆಲುಬು ಕೊಟ್ಟದ್ದು ಕಾನೂನು. 1974ರಲ್ಲಿ ಜಲಮಾಲಿನ್ಯ ಕಾಯ್ದೆ ಬಂತು. ಅದೇ ವರ್ಷ ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. 1988ರಲ್ಲಿ ಸ್ಥಾಪನೆಯಾದ ತೈಲ ಕಂಪನಿ ಎಂಆರ್‌ಪಿಎಲ್ 1996ರಲ್ಲಿ ಮಂಗಳೂರಿನ ಉತ್ತರಕ್ಕೆ ಉತ್ಪಾದನೆ ಆರಂಭಿಸಿದಾಗ ಇಟಿಪಿ ಇಲ್ಲದ ತೈಲಾಗಾರವನ್ನು ಊಹಿಸುವಂತಿರಲಿಲ್ಲ. 2008ರ ಪರಿಷ್ಕೃತ ಮಾನದಂಡ ಹೊರಬಿಡುವ ನೀರಿನಲ್ಲಿ ಎಣ್ಣೆ–ಜಿಡ್ಡಿನ ಮಿತಿಯನ್ನು ಲೀಟರಿಗೆ 10ರಿಂದ 5 ಮಿಲಿಗ್ರಾಂಗೆ ಇಳಿಸಿತು.

ಕಾನೂನಿಗಿಂತ ಗಟ್ಟಿಯಾಗಿ ಕಲಿಸಿದ್ದು ಬರ. 2016ರ ಬೇಸಿಗೆಯಲ್ಲಿ ನೇತ್ರಾವತಿ ನದಿ ಸೊರಗಿ, ಎಂಆರ್‌ಪಿಎಲ್ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಮಂಗಳೂರಿನ ಸಂಸ್ಕರಿಸಿದ ಒಳಚರಂಡಿ ನೀರಿಗೂ ಇಲ್ಲಿ ಬೆಲೆ ಬಂತು. ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಸಮುದ್ರನೀರು ಸಿಹಿಗೊಳಿಸುವ ಘಟಕ 2022ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಅದು ನಿಂತಿರುವ ಜಾಗದ ಹೆಸರು ತಣ್ಣೀರುಬಾವಿ.

ಹೀಗೆ ಕೊಳೆನೀರು ಸೋಸುವ ಜರಡಿಯ ಕಣ್ಣು ಕಿರಿದಾಗುತ್ತ ಪೊರೆಗಳವರೆಗೆ ಬಂದಿದೆ. ಸೋಸಿದ ನೀರು ಮರಳಿ ಕೂಲಿಂಗ್ ಟವರಿಗೆ, ಬಾಯ್ಲರಿಗೆ ಹೋಗುತ್ತಿದೆ. ಒಂದು ಕಾಲಕ್ಕೆ ತೈಲಾಗಾರದ ಬಾಲದಲ್ಲಿ ನಿಂತು ಏನು ಹೊರಹೋಯಿತೆಂದು ಬರೆದಿಡುತ್ತಿದ್ದವನು ಈಗ ನಾಳೆಗೆ ಎಷ್ಟು ನೀರು ಸಿಗುತ್ತದೆಂದು ಹೇಳಬೇಕಾಗಿದೆ. ಕೋಡಿ ಕಾಯುತ್ತಿದ್ದವನ ಕೈಗೆ ತೂಬು ಬಂದಿದೆ.