ರ್ಯಾಮ್ ಮೇಲೆ 3200 ಅಂತ ಇದೆ, ಆ ಸ್ಪೀಡ್ ಹಾಕಿದರೆ ಸಿಸ್ಟಮ್ ಹ್ಯಾಂಗ್: ಕೆಟ್ಟಿರೋದು ಯಾವುದು ಅಂತ ಪತ್ತೆ ಹಚ್ಚೋದು ಹೇಗೆ?

ವಿಜಯಪುರ: ಮದುವೆ ಸೀಸನ್ ಬಂತಂದ್ರೆ ಫೋಟೊ ಸ್ಟುಡಿಯೋಗಳ ಕಂಪ್ಯೂಟರ್‌ಗಳಿಗೆ ರಾತ್ರಿಯಿಡೀ ಕೆಲಸ. ಸರಿಯಾಗಿ ಅದೇ ಹೊತ್ತಿಗೆ ನೀಲಿ ಸ್ಕ್ರೀನ್ ಬರುತ್ತದೆ, ಇಲ್ಲವೇ ವಿಡಿಯೋ ರೆಂಡರ್ ಮುಗಿಯೋಕೆ ಸ್ವಲ್ಪ ಇದ್ದಾಗ ಸಾಫ್ಟ್‌ವೇರ್ ತಾನೇ ಬಂದ್ ಆಗುತ್ತದೆ. ತಿಕೋಟಾ, ಬಬಲೇಶ್ವರ ಕಡೆಯವರಾದರೆ ಸಿಪಿಯು ಹೊತ್ತುಕೊಂಡು ಬಸ್ಸಿನಲ್ಲಿ ವಿಜಯಪುರಕ್ಕೆ ಬರಬೇಕು. ಅಂಗಡಿಯಲ್ಲಿ ಹತ್ತು ನಿಮಿಷ ಆನ್ ಮಾಡಿಟ್ಟರೆ ಎಲ್ಲ ಸರಿ. ಊರಿಗೆ ಒಯ್ದರೆ ಮತ್ತದೇ ಗೋಳು. ಕೊನೆಗೆ ಸಿಗೋ ಉತ್ತರ ಒಂದೇ: ‘ರ್ಯಾಮ್ ಹೋಗೇತ್ರಿ, ಹೊಸಾದು ಹಾಕಸ್ರಿ.’

ಹೊಸದು ಹಾಕಿಸೋದು ಈಗ ಸಣ್ಣ ಮಾತಲ್ಲ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಸೆಳೆದುಕೊಂಡಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಹಾಗಾಗಿ ಒಂದು ವಿಷಯ ಮೊದಲೇ ಗೊತ್ತಿರಲಿ. ಇಂಥ ಕೇಸ್‌ಗಳಲ್ಲಿ ಬಹಳ ಸಲ ರ್ಯಾಮ್ ಕೆಟ್ಟಿರೋದೇ ಇಲ್ಲ. ಹಾಕಿದ ಸ್ಪೀಡ್ ಆ ಪ್ರೊಸೆಸರ್ ಮತ್ತು ಮದರ್‌ಬೋರ್ಡ್‌ಗೆ ತಾಳುತ್ತಿರೋದಿಲ್ಲ, ಅಷ್ಟೆ.

ಸ್ಟಿಕ್ಕರ್ ಮೇಲಿನ ನಂಬರ್ ಯಾರ ಮಾತು?

ರ್ಯಾಮ್‌ನ ಸ್ಪೀಡ್, ವೋಲ್ಟೇಜ್ ಇವುಗಳ ನಿಯಮ ಮಾಡೋದು ಜೆಡೆಕ್ ಅನ್ನೋ ಸಂಸ್ಥೆ. ಅದರ ಪ್ರಕಾರ ಡಿಡಿಆರ್4ಗೆ 1.2 ವೋಲ್ಟ್, ಡಿಡಿಆರ್5ಗೆ 1.1 ವೋಲ್ಟ್ ಸಾಕು. ಗೇಮಿಂಗ್ ರ್ಯಾಮ್ ಅಂತ ಮಾರೋ ಸ್ಟಿಕ್‌ಗಳು ಈ ನಿಯಮ ದಾಟಿ ಓಡುವಂಥವು. ಅದಕ್ಕೆ ಬೇಕಾದ ಸೆಟ್ಟಿಂಗ್ ಸ್ಟಿಕ್‌ನ ಒಳಗೇ ಬರೆದಿರುತ್ತದೆ. ಇಂಟೆಲ್ ಇದಕ್ಕೆ ಎಕ್ಸ್‌ಎಂಪಿ ಅಂತ ಹೆಸರಿಟ್ಟಿದೆ. ಎಎಂಡಿ ಡಿಡಿಆರ್5ಗಾಗಿ 2022ರಲ್ಲಿ ತಂದಿದ್ದು ಎಕ್ಸ್‌ಪೋ. ಬಯಾಸ್‌ನಲ್ಲಿ ಇದನ್ನು ಆನ್ ಮಾಡಿದಾಗ ಮಾತ್ರ ಸ್ಟಿಕ್ಕರ್ ಮೇಲಿನ ಸ್ಪೀಡ್ ಸಿಗೋದು.

ಇಲ್ಲೇ ಗೊಂದಲ ಆಗೋದು. 3200 ಅಂತ ಬರೆದ ಡಿಡಿಆರ್4 ಸ್ಟಿಕ್‌ಗಳಲ್ಲಿ ಎರಡು ಜಾತಿ. ಸಾದಾ ಹಸಿರು ಸ್ಟಿಕ್, ಸಿಎಲ್22, 1.2 ವೋಲ್ಟ್: ಬೋರ್ಡ್ ಒಪ್ಪಿದರೆ ತಾನೇ 3200ರಲ್ಲಿ ಓಡುತ್ತದೆ. ಇನ್ನೊಂದು ಸಿಎಲ್16, 1.35 ವೋಲ್ಟ್: ಎಕ್ಸ್‌ಎಂಪಿ ಹಾಕದಿದ್ದರೆ ಸಾಮಾನ್ಯವಾಗಿ 2133, 2400 ಅಥವಾ 2666ರಲ್ಲೇ ನಿಲ್ಲುತ್ತದೆ. ಎರಡರ ಮೇಲೂ ನಂಬರ್ ಒಂದೇ. ಗ್ರಾಮ ಒನ್ ಕೇಂದ್ರ, ಡಿಟಿಪಿ ಅಂಗಡಿಗಳ ರೆಡಿಮೇಡ್ ಸಿಸ್ಟಮ್‌ಗಳಲ್ಲಿ ಹೆಚ್ಚಾಗಿ ಇರೋದು ಸಾದಾ ಸ್ಟಿಕ್, ಅವರಿಗೆ ಈ ತಾಪತ್ರಯ ಕಡಿಮೆ. ತೊಂದರೆ ಇರೋದು ಅಸೆಂಬಲ್ ಮಾಡಿಸಿದವರಿಗೆ.

ಸ್ಟಿಕ್ ಕಂಪನಿಯ ಮಾತು ಸ್ಟಿಕ್‌ಗೆ ಮಾತ್ರ ಲಾಗು. ಪ್ರೊಸೆಸರ್ ಕಂಪನಿಯ ಮಾತು ಬೇರೆಯೇ ಇರುತ್ತದೆ. ಕೋರ್ ಐ5-10400ಗೆ ಇಂಟೆಲ್ ಹೇಳೋದು 2666 ಅಷ್ಟೇ. ಎಎಂಡಿ ರೈಜನ್ 7000 ಸರಣಿಗೆ ಎರಡು ಸ್ಟಿಕ್ ಇದ್ದರೆ 5200, ನಾಲ್ಕೂ ಸ್ಲಾಟ್ ತುಂಬಿದರೆ 3600. ಅಂದರೆ 6000ದ ಎರಡು ಸ್ಟಿಕ್ ಚೆನ್ನಾಗಿ ಓಡುತ್ತಿದ್ದ ಸಿಸ್ಟಮ್‌ಗೆ ಅಂಥವೇ ಇನ್ನೆರಡು ಸೇರಿಸಿದ ದಿನದಿಂದ ಹ್ಯಾಂಗ್ ಶುರುವಾದರೆ ಹೊಸ ಸ್ಟಿಕ್ ಬೈಯೋದರಲ್ಲಿ ಅರ್ಥ ಇಲ್ಲ. ಬೇರೆ ಕಂಪನಿಯ ಹಳೇ ಸ್ಟಿಕ್ ತಂದು ಜೋಡಿ ಮಾಡಿದರೂ ಇದೇ ಕಥೆ. ಬಿಡಿಬಿಡಿಯಾಗಿ ಎರಡೂ ಸರಿ, ಕೂಡಿಸಿದರೆ ಜಗಳ.

ಕಾರ್ಡ್ ಫಾರ್ಮ್ಯಾಟ್ ಮಾಡೋ ಮುಂಚೆ

ಹ್ಯಾಂಗ್ ಆದರೆ ಕಣ್ಣಿಗೆ ಕಾಣುತ್ತದೆ. ಕಾಣದ ತೊಂದರೆ ಅದಕ್ಕಿಂತ ಕೆಟ್ಟದ್ದು. ಕ್ಯಾಮೆರಾ ಕಾರ್ಡ್‌ನಿಂದ ಹಾರ್ಡ್ ಡಿಸ್ಕ್‌ಗೆ ಹೋಗೋ ಪ್ರತಿ ಫೋಟೊ ರ್ಯಾಮ್ ಮೂಲಕವೇ ದಾಟಬೇಕು. ಅಲ್ಲಿ ಒಂದು ಬಿಟ್ ತಿರುಗಿದರೂ ಯಾವ ಎರರ್ ಮೆಸೇಜ್ ಬರೋದಿಲ್ಲ, ಕಾಪಿ ಕಂಪ್ಲೀಟ್ ಅಂತಲೇ ತೋರಿಸುತ್ತದೆ. ಆಮೇಲೆ ತೆರೆದರೆ ಅರ್ಧ ಫೋಟೊ ಬೂದು ಬಣ್ಣ. ಅಷ್ಟರಲ್ಲಿ ಕಾರ್ಡ್ ಫಾರ್ಮ್ಯಾಟ್ ಆಗಿ ಮುಂದಿನ ಮದುವೆಗೆ ಹೋಗಿರುತ್ತದೆ. ಅಕ್ಷತೆ ಬಿದ್ದ ಗಳಿಗೆಯನ್ನು ಮತ್ತೆ ಶೂಟ್ ಮಾಡೋಕೆ ಬರೋದಿಲ್ಲ.

ಆದ್ದರಿಂದ ಸಂಶಯ ಬಂದ ದಿನವೇ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ, ಕಾರ್ಡ್ ಹಾಗೇ ಇಟ್ಟುಕೊಂಡು, ಬೇರೆ ಕಂಪ್ಯೂಟರ್‌ನಲ್ಲಿ ಇನ್ನೊಂದು ಕಾಪಿ ತೆಗೆಯಬೇಕು. ವಿಂಡೋಸ್ ಹೊಸದಾಗಿ ಹಾಕಿಸೋಕೂ ಆಗ ಹೋಗಬಾರದು. ಮೆಮೊರಿ ತಪ್ಪು ಬರೆಯುತ್ತಿರುವಾಗ ಹಾಕಿದ ವಿಂಡೋಸ್ ಹುಟ್ಟುತ್ತಲೇ ಕೆಟ್ಟಿರುತ್ತದೆ. ಐನೂರು ಕೊಟ್ಟು ಮೂರು ಸಲ ವಿಂಡೋಸ್ ಹಾಕಿಸಿದವರಿಗೆ ಇದು ಗೊತ್ತಾಗಬೇಕಿತ್ತು.

ಪತ್ತೆ ಮಾಡೋ ದಾರಿ

ಮೊದಲು ಈಗ ಯಾವ ಸ್ಪೀಡ್ ಇದೆ ನೋಡಿ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿದರೆ ಕಾಣುತ್ತದೆ. ಸಿಪಿಯು-ಝಡ್‌ನಲ್ಲಿ 1600 ಅಂತ ಬಂದರೆ ಗಾಬರಿ ಬೇಡ, ಅದು ಅರ್ಧ ಲೆಕ್ಕ ತೋರಿಸುತ್ತದೆ. 1600 ಅಂದರೆ 3200.

ಪರೀಕ್ಷೆಗೆ ಮೆಮ್‌ಟೆಸ್ಟ್86+ ಸಾಕು. ಉಚಿತವಾಗಿ ಸಿಗುತ್ತದೆ, ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ. ಎಕ್ಸ್‌ಎಂಪಿ ಆನ್ ಇಟ್ಟು ರಾತ್ರಿ ಬಿಟ್ಟು ಬೆಳಗ್ಗೆ ನೋಡಿ. ಅಂಗಡಿಯ ಹತ್ತು ನಿಮಿಷದ ಟೆಸ್ಟ್ ನಂಬೋ ಹಾಗಿಲ್ಲ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಸೆಟ್ಟಿಂಗ್ ಫೇಲ್. ‘ಒಂದಲಾ, ನಡೀತೈತಿ’ ಅನ್ನೋದು ಇಲ್ಲಿ ನಡೆಯೋದಿಲ್ಲ.

ನಂತರ ಎಕ್ಸ್‌ಎಂಪಿ ಆಫ್ ಮಾಡಿ ಅದೇ ಟೆಸ್ಟ್. ಈಗ ಎರರ್ ಇಲ್ಲ ಅಂದರೆ ತೊಂದರೆ ಇರೋದು ಸ್ಪೀಡ್‌ನಲ್ಲಿ. ಆಗಲೂ ಎರರ್ ಬಂದರೆ ಪವರ್ ಕೇಬಲ್ ಕಿತ್ತು, ಒಂದೇ ಸ್ಟಿಕ್ ಇಟ್ಟು ಟೆಸ್ಟ್ ಮಾಡಬೇಕು, ಆಮೇಲೆ ಅದೇ ಸ್ಲಾಟ್‌ನಲ್ಲಿ ಇನ್ನೊಂದು. ಎರರ್ ಸ್ಟಿಕ್ ಜೊತೆ ಹೋದರೆ ಸ್ಟಿಕ್ ಕೆಟ್ಟಿದೆ. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟ್‌ನಲ್ಲಿ ಬಂದರೆ ಬೋರ್ಡ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು. ನೀಲಿ ಸ್ಕ್ರೀನ್ ಇಲ್ಲದೆ ಲೈಟ್ ಹೋದಂತೆ ಫಟ್ ಅಂತ ಆಫ್ ಆಗುತ್ತಿದ್ದರೆ ರ್ಯಾಮ್‌ಗಿಂತ ಮೊದಲು ಪವರ್ ಸಪ್ಲೈ, ಯುಪಿಎಸ್ ಚೆಕ್ ಮಾಡಿಸಿ.

ಸ್ಟಿಕ್ ತೆಗೆದಾಗ ಸ್ಲಾಟ್‌ನ ಧೂಳು ಊದುಬ್ರಷ್‌ನಿಂದ ತೆಗೆಯಿರಿ. ಎರೆ ಮಣ್ಣಿನ ಧೂಳು ಎಲ್ಲಿ ಬೇಕಾದರೂ ಹೊಕ್ಕಿರುತ್ತದೆ. ಪಿನ್‌ಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜೋದು ನಮ್ಮ ಕಡೆ ಹಳೇ ಮದ್ದು. ಕೆಲಸ ಮಾಡುತ್ತದೆ ನಿಜ, ಆದರೆ ರಬ್ಬರ್ ಪುಡಿ ಸ್ಲಾಟ್‌ಗೆ ಬಿದ್ದರೆ ಹೊಸ ತಲೆನೋವು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆ ಒಳ್ಳೇದು. ನಾಲ್ಕು ಸ್ಲಾಟ್ ಇರೋ ಬೋರ್ಡ್‌ನಲ್ಲಿ ಎರಡೇ ಸ್ಟಿಕ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಬೇಕು. ಬಸ್ಸಿನಲ್ಲಿ ಕುಲುಕಾಡಿ ಬಂದ ಸಿಸ್ಟಮ್ ಆದರೆ ಸ್ಟಿಕ್ ಸಡಿಲ ಆಗಿದೆಯಾ ಅಂತಲೂ ನೋಡಿ.

ತೊಂದರೆ ಸ್ಪೀಡ್‌ನದೇ ಅಂತ ಖಾತ್ರಿಯಾದರೆ ಬಯಾಸ್ ಅಪ್‌ಡೇಟ್ ಮಾಡಿಸಿ ನೋಡಬಹುದು. ಹೊಸ ಬಯಾಸ್‌ನಲ್ಲಿ ಮೆಮೊರಿ ಸುಧಾರಣೆ ಇರುವುದು ಹೆಚ್ಚು. ಆದರೆ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ, ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತಂತೆ. ಅದಕ್ಕೂ ಬಗ್ಗದಿದ್ದರೆ ಎಕ್ಸ್‌ಎಂಪಿ ಇಟ್ಟುಕೊಂಡೇ ಒಂದು ಮೆಟ್ಟಿಲು ಇಳಿಸಿ: 3200 ಇದ್ದದ್ದು 2933, 6000 ಇದ್ದದ್ದು 5600. ಎಡಿಟಿಂಗ್‌ನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣೋದು ಕಷ್ಟ. ಒಂದು ಸ್ಟಿಕ್ ಕಿತ್ತು ಇನ್ನೊಂದನ್ನೇ ಫುಲ್ ಸ್ಪೀಡ್‌ನಲ್ಲಿ ಓಡಿಸೋದಕ್ಕಿಂತ ಎರಡನ್ನೂ 2666ರಲ್ಲಿ ಓಡಿಸೋದು ಮೇಲು. ವೋಲ್ಟೇಜ್ ಏರಿಸೋ ಯೂಟ್ಯೂಬ್ ವಿದ್ಯೆ ಮಾತ್ರ ಬೇಡ. ರೈಜನ್ 7000 ಪ್ರೊಸೆಸರ್‌ಗಳು ಸುಟ್ಟ ದೂರು ಬಂದ ಮೇಲೆ ಎಎಂಡಿ 2023ರಲ್ಲಿ ಎಸ್‌ಒಸಿ ವೋಲ್ಟೇಜ್‌ಗೆ 1.3 ವೋಲ್ಟ್ ಮಿತಿ ಹಾಕಬೇಕಾಯಿತು.

ಡಿಡಿಆರ್5 ಇರೋರಿಗೆ ಇನ್ನೊಂದು ಮಾತು. ಹೊಸ ಸ್ಟಿಕ್ ಹಾಕಿದ ಮೊದಲ ಸಲ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗೇ ಇರುತ್ತದೆ. ಬೋರ್ಡ್ ಮೆಮೊರಿಯನ್ನು ಪಳಗಿಸುತ್ತಿರುತ್ತದೆ, ಸ್ವಿಚ್ ಆಫ್ ಮಾಡಬೇಡಿ.

ಬೆಳಗ್ಗೆ ಪಾಸ್, ಮಧ್ಯಾಹ್ನ ಫೇಲ್

ರ್ಯಾಮ್‌ನ ಒಂದೊಂದು ಕೋಶವೂ ಸೋರೋ ಕೊಡ ಇದ್ದಂತೆ. ಡಿಡಿಆರ್4ರಲ್ಲಿ 64 ಮಿಲಿಸೆಕೆಂಡಿಗೆ ಒಮ್ಮೆ ಎಲ್ಲವನ್ನೂ ಮತ್ತೆ ತುಂಬಬೇಕು. ಬಿಸಿ ಏರಿದಷ್ಟೂ ಸೋರಿಕೆ ಜೋರು, ಚಿಪ್ 85 ಡಿಗ್ರಿ ದಾಟಿದರೆ ಎರಡು ಪಟ್ಟು ಬೇಗ ತುಂಬಬೇಕಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಶೆಡ್‌ನ ಸ್ಟುಡಿಯೋದಲ್ಲಿ, ಗ್ರಾಫಿಕ್ಸ್ ಕಾರ್ಡ್‌ನ ಬಿಸಿಗಾಳಿ ನೇರ ರ್ಯಾಮ್‌ಗೆ ಬಡಿಯೋ ಡಬ್ಬಿಯಲ್ಲಿ ಎಷ್ಟಾಗಬಹುದು ಯೋಚಿಸಿ. ಡಿಸೆಂಬರ್‌ನಲ್ಲಿ ಪಾಸಾದ ಸೆಟ್ಟಿಂಗ್ ಬೇಸಿಗೆಯಲ್ಲಿ ಫೇಲ್ ಆಗೋದು ಇದಕ್ಕೇ. ಟೆಸ್ಟ್ ಅನ್ನು ಒಮ್ಮೆ ಮಧ್ಯಾಹ್ನವೂ ಓಡಿಸಿ, ರ್ಯಾಮ್ ಕಡೆ ಗಾಳಿ ಬರುವಂತೆ ಒಂದು ಫ್ಯಾನ್ ಹಾಕಿಸಿ.

ಇಷ್ಟಾದರೂ ಸಾದಾ ಸ್ಪೀಡ್‌ನಲ್ಲೇ ಎರರ್ ಬರೋ ಸ್ಟಿಕ್ ಇದ್ದರೆ ವಾರಂಟಿಗೆ ಕೊಡಿ. ಮೆಮ್‌ಟೆಸ್ಟ್ ಸ್ಕ್ರೀನ್‌ನ ಫೋಟೊ, ಬಿಲ್ ಜೊತೆಗಿರಲಿ, ಸ್ಟಿಕ್ಕರ್ ಕೀಳಬೇಡಿ. ಜೋಡಿ ಪ್ಯಾಕ್ ಆಗಿ ತಂದಿದ್ದರೆ ಸಾಮಾನ್ಯವಾಗಿ ಎರಡನ್ನೂ ಕೇಳುತ್ತಾರೆ, ಹಾಗಾಗಿ ಅಷ್ಟು ದಿನ ಕೆಲಸಕ್ಕೆ ಬೇರೆ ವ್ಯವಸ್ಥೆ ಮಾಡಿಕೊಂಡೇ ಕಳಿಸಿ. ಸ್ಟಿಕ್ ವಾಪಸ್ ಬಂದ ಮೇಲೆ ನೀಲಿ ಸ್ಕ್ರೀನ್ ನಿಲ್ಲದಿದ್ದರೆ ವಿಂಡೋಸ್ ಫೈಲ್‌ಗಳು ಮೊದಲೇ ಕೆಟ್ಟಿರಬಹುದು. ವಿಂಡೋಸ್ ಹೊಸದಾಗಿ ಹಾಕಿಸಬೇಕಾದದ್ದು ಆಗ.